ನಕ್ಷತ್ರ ಬಾಯಿಪಾಠ ಬೇಡ, ಸಾಲು ಎಣಿಸೋಣ

ಪ್ರಥಮ ಪಿಯುಸಿಯ ಲ್ಯಾಬ್ ಟೆಸ್ಟ್‌ಗೆ ನಾನು ನಕ್ಷತ್ರದ ತ್ರಿಕೋನದ ಪ್ರೋಗ್ರಾಂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಮೊದಲ ಸಾಲಿಗೆ ಒಂದು ನಕ್ಷತ್ರ, ಎರಡನೆಯದಕ್ಕೆ ಎರಡು, ಹೀಗೆ ಐದು ಸಾಲು. ಅಲ್ಲಿ ಕೇಳಿದ್ದು ತಲೆಕೆಳಗಾದ ತ್ರಿಕೋನ. ನಾನು ಕಲಿತದ್ದನ್ನೇ ಬರೆದೆ. ಪ್ರೋಗ್ರಾಂ ಚೆನ್ನಾಗಿಯೇ ಓಡಿತು. ಅಂಕ ಮಾತ್ರ ಬರಲಿಲ್ಲ.

ಅಂದು ಸಿಟ್ಟು ಬಂದಿತ್ತು. ಕೆಲಸಕ್ಕೆ ಸೇರಿದ ಮೇಲೆ ಯಾರು ನಕ್ಷತ್ರ ಪ್ರಿಂಟ್ ಮಾಡುತ್ತಾರೆ? ಈಗಲೂ ಹಲವು ಗೆಳೆಯರು ಹೀಗೆ ಕೇಳುತ್ತಾರೆ. ಆದರೆ ತಪ್ಪು ನಕ್ಷತ್ರದ್ದಲ್ಲ, ನಾವು ಅದನ್ನು ಕಲಿಯುವ ರೀತಿಯದ್ದು ಎಂದು ಈಗ ನನಗೆ ಅನಿಸುತ್ತದೆ.

ಇದು ಅರ್ಥವಾದದ್ದು ಪಕ್ಕದ ಮನೆಯ ಅಂಗಳದಲ್ಲಿ. ಆಂಟಿ ಮಗಳಿಗೆ "ಏಳರಿಂದ ನಾಲ್ಕು, ಸಂದು ಚುಕ್ಕಿ" ಎಂದಷ್ಟೇ ಹೇಳಿದರು. ಅವಳು ನಡುವೆ 7 ಚುಕ್ಕಿಯ ಸಾಲು ಇಟ್ಟು, ಮೇಲೆ ಮತ್ತು ಕೆಳಗೆ 6, 5, 4 ಎಂದು ಇಳಿಸಿದಳು. ಪ್ರತಿ ಸಾಲಿನ ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬಂತು. ಒಟ್ಟು 37 ಚುಕ್ಕಿ. ಅವಳು 37 ಜಾಗಗಳನ್ನು ನೆನಪಿಟ್ಟುಕೊಂಡಿರಲಿಲ್ಲ; ನಿಯಮ ಗೊತ್ತಿತ್ತು, ಅಷ್ಟೇ.

ನೆಸ್ಟೆಡ್ ಲೂಪ್ ಎಂದರೆ ಇದೇ. ಹೊರಗಿನ ಲೂಪ್ ಸಾಲು ಎಣಿಸುತ್ತದೆ, ಒಳಗಿನದು ಆ ಸಾಲಿನ ಚುಕ್ಕಿ ಇಡುತ್ತದೆ. ಒಳಗಿನದು ಪೂರ್ತಿ ಮುಗಿದ ಮೇಲೆಯೇ ಹೊರಗಿನದು ಮುಂದಿನ ಸಾಲಿಗೆ ಹೋಗುತ್ತದೆ. ಮಗ್ಗಿ ಪುಸ್ತಕವೂ, ಪ್ರತಿ ವಿದ್ಯಾರ್ಥಿಯ ಪ್ರತಿ ವಿಷಯದ ಅಂಕ ಕೂಡಿಸುವ ಪ್ರೋಗ್ರಾಂ ಕೂಡ ಹೀಗೆಯೇ ನಡೆಯುತ್ತವೆ.

ನನಗೆ ಅಂಕ ತಪ್ಪಿಸಿದ ತ್ರಿಕೋನವನ್ನೇ ಹಾಳೆಯ ಮೇಲೆ ಬರೆದು ನೋಡಿ. ಸಾಲು 1ಕ್ಕೆ ನಕ್ಷತ್ರ 5, ಸಾಲು 2ಕ್ಕೆ 4, ಸಾಲು 3ಕ್ಕೆ 3. ಸಾಲಿನ ಸಂಖ್ಯೆ ಮತ್ತು ನಕ್ಷತ್ರ ಕೂಡಿದರೆ ಪ್ರತಿ ಬಾರಿಯೂ 6. ಹಾಗಾದರೆ ನಕ್ಷತ್ರ ಎಂದರೆ ಆರರಲ್ಲಿ ಸಾಲಿನ ಸಂಖ್ಯೆ ಕಳೆದಷ್ಟು. ಪ್ರೋಗ್ರಾಂ ಮುಕ್ಕಾಲು ಪಾಲು ಮುಗಿಯಿತು!

ನಕ್ಷತ್ರಗಳ ಇನ್ನೊಂದು ಉಪಕಾರವೆಂದರೆ ತಪ್ಪು ತಕ್ಷಣ ಕಣ್ಣಿಗೆ ಬೀಳುತ್ತದೆ. ಪೈಥಾನ್‌ನಲ್ಲಿ ರೇಂಜ್‌ಗೆ 1 ಮತ್ತು 5 ಕೊಟ್ಟರೆ ಎಣಿಕೆ 4ಕ್ಕೇ ನಿಲ್ಲುತ್ತದೆ. ಒಂದು ಸಾಲು ಕಡಿಮೆಯಾದದ್ದನ್ನು ಪರದೆಯೇ ತೋರಿಸುತ್ತದೆ. ಅಂಕ ಕೂಡಿಸುವಾಗ ಇದೇ ತಪ್ಪಾದರೆ ಒಬ್ಬ ವಿದ್ಯಾರ್ಥಿಯ ಹೆಸರೇ ಬಿಟ್ಟುಹೋದೀತು, ನಮಗೆ ಗೊತ್ತೂ ಆಗದು.

ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ. ಕಂಪ್ಯೂಟರ್ ಮುಂದೆ ಕೂರುವ ಮೊದಲು ಸಾಲು, ಖಾಲಿ ಜಾಗ, ನಕ್ಷತ್ರ ಎಂಬ ಮೂರು ಕಾಲಂಗಳ ಪಟ್ಟಿಯನ್ನು ಎಲ್ಲರಿಂದಲೂ ಬರೆಸಿ. ಪಟ್ಟಿ ಸರಿಯಿದ್ದರೆ ಅದಕ್ಕೂ ಅಂಕ ಕೊಡಿ. ಮಾಗಡಿ, ಕನಕಪುರ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ನಮ್ಮಲ್ಲಿ ಎಷ್ಟೋ ಜನರಿಗೆ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಕೀಬೋರ್ಡ್ ಸಿಗುವುದು ಲ್ಯಾಬ್ ಅವಧಿಯಲ್ಲಿ ಮಾತ್ರ. ಬಾಯಿಪಾಠಕ್ಕೆ ಅವರು ಶರಣಾಗುವುದು ಸೋಮಾರಿತನದಿಂದಲ್ಲ, ಅಭ್ಯಾಸಕ್ಕೆ ಬೇರೆ ದಾರಿ ಕಾಣದೆ. ಹಾಳೆ, ಪೆನ್ಸಿಲ್ ಎಲ್ಲರ ಬಳಿಯೂ ಇವೆ.

ಗೆಳೆಯರೇ, ಈ ವಾರ ಆ ರಂಗೋಲಿಯನ್ನೇ ಪ್ರಿಂಟ್ ಮಾಡಿ ನೋಡಿ. ಪ್ರತಿ ನಕ್ಷತ್ರದ ನಂತರ ಒಂದು ಖಾಲಿ ಜಾಗ ಬಿಡಿ. ಸಾಲಿನ ಆರಂಭದಲ್ಲಿ ಎಷ್ಟು ಬಿಡಬೇಕು ಎಂಬುದನ್ನು ನಾನು ಹೇಳುವುದಿಲ್ಲ. ಪಟ್ಟಿ ಬರೆದರೆ ಅದೇ ಹೇಳುತ್ತದೆ.