ಹುಳ ಜ್ವರಕ್ಕೆ ಕೂತರೆ ಮಾತ್ರೆ ಕೊಡುವ ಸಾಫ್ಟ್‌ವೇರ್!



ರಾಮನಗರ ಸೀಮೆಯಲ್ಲಿ ರೇಷ್ಮೆ ಸಾಕುವ ಮನೆಯ ಯಾವ ಹುಡುಗನನ್ನಾದರೂ ಕೇಳಿ ನೋಡಿ, ‘ಹುಳ ಮೂರನೇ ಜ್ವರಕ್ಕೆ ಕೂತಿದೆ’ ಅಂದರೇನು ಅಂತ. ಹುಳಕ್ಕೆ ಕಾಯಿಲೆ ಬಂದಿದೆ ಎಂದು ಅವನು ಹೇಳುವುದಿಲ್ಲ. ಹುಳ ಪೊರೆ ಬಿಡುತ್ತಿದೆ, ಈಗ ಸೊಪ್ಪು ಹಾಕಬಾರದು, ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿರುವಂತೆ ನೋಡಿಕೊಳ್ಳಬೇಕು, ಎಲ್ಲ ಹುಳವೂ ಎದ್ದ ಮೇಲೆ ಸೊಪ್ಪು ಕೊಡಬೇಕು ಎನ್ನುತ್ತಾನೆ. ನಾಲ್ಕು ಜ್ವರ ದಾಟಿದ ಹುಳ ಹಣ್ಣಾಗುತ್ತದೆ, ಚಂದ್ರಿಕೆಗೆ ಹತ್ತುತ್ತದೆ, ಗೂಡು ಕಟ್ಟುತ್ತದೆ. ಈ ಭಾಗದಲ್ಲಿ ಇದು ಅಆಇಈ ಇದ್ದಂತೆ.

ಇದೇ ಪ್ರಶ್ನೆಯನ್ನು ನಾನು ಮೊಬೈಲ್‌ನಲ್ಲಿರುವ ಹೊಸ ಎಐ ಸಾಫ್ಟ್‌ವೇರಿಗೆ ಹಾಕಿದೆ. ಕಂಪನಿಯ ಹೆಸರು ಬೇಡ. ನಾಳೆ ಇನ್ನೊಂದು ಕಂಪನಿಯದೂ ಹೀಗೇ ಮಾಡಬಹುದು. ಉತ್ತರ ಕನ್ನಡದಲ್ಲೇ ಬಂತು. ಒಂದು ಕಾಗುಣಿತ ತಪ್ಪಿಲ್ಲ. ‘ಜ್ವರ ಮೂರು ದಿನಕ್ಕಿಂತ ಹೆಚ್ಚು ಇದ್ದರೆ ವೈದ್ಯರನ್ನು ಸಂಪರ್ಕಿಸಿ’ ಅಂದಿತು! ‘ಹುಳ ಹಣ್ಣಾಗಿದೆ, ಏನು ಮಾಡಲಿ?’ ಅಂದೆ. ಹುಳ ಬಿದ್ದ ಹಣ್ಣನ್ನು ತಿನ್ನಬೇಡಿ ಎಂದು ಬುದ್ಧಿ ಹೇಳಿತು. ನಕ್ಕೆವು. ನಕ್ಕು ಮುಗಿದ ಮೇಲೆ ಹೊಟ್ಟೆಯಲ್ಲಿ ಏನೋ ಕಿವುಚಿದಂತಾಯಿತು. ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ಗೂಡಿನ ಮಾರುಕಟ್ಟೆ ಇರುವ ಊರು ನಮ್ಮದು. ಅಲ್ಲಿ ಇ-ಹರಾಜು ಬಂದು, ಹಣ ನೇರ ರೈತನ ಬ್ಯಾಂಕ್ ಖಾತೆಗೆ ಬೀಳುವ ಕಾಲ ಬಂದಿದೆ. ಆದರೆ ಆ ರೈತನ ಮಾತು ಈ ಯಂತ್ರಕ್ಕೆ ತಿಳಿಯದು.

ನಾನು ಕಂಪ್ಯೂಟರ್ ವಿರೋಧಿ ಅಲ್ಲ. ಹೊಸ ಸಾಫ್ಟ್‌ವೇರ್ ಬಂದರೆ ಮೊದಲ ದಿನವೇ ಹಾಕಿಕೊಂಡು ನೋಡುವ ಚಟದವನು. ಮೇ ತಿಂಗಳು ಬಂದರೆ ಕ್ಯಾಲಿಫೋರ್ನಿಯಾದಲ್ಲಿ ಗೂಗಲ್‌ನವರು ಡೆವಲಪರ್‌ಗಳ ಸಮ್ಮೇಳನ ನಡೆಸುತ್ತಾರೆ, ಜೂನ್‌ನಲ್ಲಿ ಆಪಲ್‌ನವರದು. ಅಲ್ಲಿ ಬೆಳಗ್ಗೆ ಅಂದರೆ ನಮಗೆ ರಾತ್ರಿ. ಊಟ ಮುಗಿಸಿ ಮೊಬೈಲ್ ಹಿಡಿದು ಕೂತರೆ ನಡುರಾತ್ರಿಯವರೆಗೂ ಏಳುವುದಿಲ್ಲ. ನವೆಂಬರ್‌ನಲ್ಲಿ ನಮ್ಮದೇ ಬೆಂಗಳೂರು ಟೆಕ್ ಸಮ್ಮಿಟ್. 1998ರಲ್ಲಿ ಐಟಿ ಡಾಟ್ ಕಾಮ್ ಎಂಬ ಹೆಸರಿನಲ್ಲಿ ಶುರುವಾದ ಮೇಳ ಅದು. 2025ರಲ್ಲಿ 28ನೆಯದು ನಡೆಯಿತು. ಮುಂದಿನ ಸಮ್ಮೇಳನಗಳಲ್ಲಿ ಏನೇನು ಬರುತ್ತದೆ ಎಂದು ನೀವೂ ಕಾಯುತ್ತಿರುತ್ತೀರಿ, ನಾನೂ ಕಾಯುತ್ತಿದ್ದೇನೆ. ಆದರೆ ಪ್ರತಿ ಸಲವೂ ನನ್ನ ಕಣ್ಣು ಒಂದೇ ಕಡೆ ಹೋಗುತ್ತದೆ: ಪಟ್ಟಿಯಲ್ಲಿ ಕನ್ನಡ ಇದೆಯೇ?

2024ರ ಮೇ 13ರಂದು ಓಪನ್‌ಎಐ ಕಂಪನಿ ಜಿಪಿಟಿ-4ಒ ಎಂಬ ಹೊಸ ಮಾದರಿಯನ್ನು ಪ್ರಕಟಿಸಿತು. ಅದರ ಜೊತೆಗೆ 20 ಭಾಷೆಗಳ ಒಂದು ಪಟ್ಟಿ ಕೊಟ್ಟಿತ್ತು. ಯಾವ ಭಾಷೆಯನ್ನು ಹಿಂದಿಗಿಂತ ಎಷ್ಟು ಕಡಿಮೆ ತುಂಡುಗಳಲ್ಲಿ ಯಂತ್ರ ಓದಬಲ್ಲದು ಎಂಬ ಲೆಕ್ಕ ಅದು. ಗುಜರಾತಿಗೆ 4.4 ಪಟ್ಟು ಲಾಭ, ತೆಲುಗಿಗೆ 3.5, ತಮಿಳಿಗೆ 3.3. ಆಮೇಲೆ ಮರಾಠಿ, ಹಿಂದಿ, ಉರ್ದು. ಕನ್ನಡ? ಪಟ್ಟಿಯಲ್ಲಿ ಇಲ್ಲ. ಆ ಯಂತ್ರಕ್ಕೆ ಕನ್ನಡ ಬರುವುದೇ ಇಲ್ಲ ಅಂತಲ್ಲ, ಬರುತ್ತದೆ. ಬಂಗಾಳಿ, ಮಲಯಾಳಂಗಳೂ ಆ ಪಟ್ಟಿಯಲ್ಲಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ಆದರೂ ನಮ್ಮ ಸುತ್ತ ಇರುವವರ ಹೆಸರೆಲ್ಲ ಕೂಗಿ ನಮ್ಮನ್ನು ಬಿಟ್ಟರೆ ಹೇಗಾಗುತ್ತದೆ ಹೇಳಿ!

ಈ ತುಂಡಿನ ಲೆಕ್ಕ ಸಣ್ಣದಲ್ಲ. ಚನ್ನಪಟ್ಟಣ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಬರೆದರೆ 11 ಅಕ್ಷರ, ಕಂಪ್ಯೂಟರಿನಲ್ಲಿ 11 ಬೈಟ್. ಕನ್ನಡದಲ್ಲಿ ಬರೆದರೆ, ಒತ್ತಕ್ಷರವನ್ನು ಬಿಡಿಸಿ ಎಣಿಸಿದಾಗ 9 ಸಂಕೇತ. ಒಂದೊಂದಕ್ಕೂ 3 ಬೈಟ್, ಒಟ್ಟು 27. ಎಐ ಯಂತ್ರಗಳು ಬರಹವನ್ನು ತುಂಡು ಮಾಡಿ ಓದುತ್ತವೆ, ಸಾಫ್ಟ್‌ವೇರ್ ಮಾಡುವವನಿಗೆ ಕಂಪನಿ ಬಿಲ್ ಹಾಕುವುದು ಆ ತುಂಡುಗಳ ಲೆಕ್ಕದಲ್ಲಿ. ಯಂತ್ರ ಯಾವ ಭಾಷೆಯನ್ನು ಹೆಚ್ಚು ಓದಿ ಕಲಿತಿದೆಯೋ ಆ ಭಾಷೆಯ ಪದಗಳನ್ನು ಇಡಿಯಾಗಿ ನುಂಗುತ್ತದೆ. ಓದಿರದ ಭಾಷೆಯನ್ನು ಚೂರು ಚೂರು ಮಾಡಿ ಅಗಿಯುತ್ತದೆ. ಚೂರು ಹೆಚ್ಚಾದಷ್ಟೂ ಬಿಲ್ ಹೆಚ್ಚು. ನಾಳೆ ಕನಕಪುರದ ಹುಡುಗಿಯೊಬ್ಬಳು ರೈತರಿಗೆಂದು ಕನ್ನಡದ ಆಪ್ ಮಾಡಿದರೆ, ಅದೇ ಕೆಲಸದ ಇಂಗ್ಲಿಷ್ ಆಪ್‌ಗಿಂತ ಹೆಚ್ಚು ದುಡ್ಡು ತೆರಬೇಕು. ಕನ್ನಡಕ್ಕೆ ಬಿದ್ದ ಸುಂಕ ಇದು, ಯಾವ ವಿಧಾನಸಭೆಯೂ ಹಾಕದ ಸುಂಕ. ಹಳೆಯ ಎಸ್ಸೆಮ್ಮೆಸ್ ನೆನಪಿದೆಯೇ? ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70!

ಇಷ್ಟು ಓದಿ ಕಂಪನಿಗಳಿಗೆ ಬೈಯಲು ಬಾಯಿ ತೆರೆದಿದ್ದೀರಿ ತಾನೆ? ಬೈಯಿರಿ, ಬೇಡ ಅನ್ನುವುದಿಲ್ಲ. ಅದಕ್ಕೂ ಮೊದಲು ನನ್ನ ಜೊತೆ ಒಂದು ಡಿಟಿಪಿ ಅಂಗಡಿಗೆ ಬನ್ನಿ.

ನನಗೆ ಗುರುತಿರುವ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ವಾರ್ಷಿಕ ವರದಿ, ಊರಿನ ಮೇಷ್ಟರ ಕವನ ಸಂಕಲನ ಎಲ್ಲ ಅಲ್ಲಿ ಟೈಪಾಗಿವೆ. ಇಪ್ಪತ್ತೈದು ವರ್ಷದ ಕೆಲಸ ಸಿಡಿಗಳಲ್ಲಿ, ಹಳೆಯ ಹಾರ್ಡ್‌ಡಿಸ್ಕುಗಳಲ್ಲಿ ಅಕ್ಕಿಚೀಲದಲ್ಲಿ ತುಂಬಿ ಅಟ್ಟದ ಮೇಲಿದೆ. ಒಂದು ಫೈಲನ್ನು ನನ್ನ ಮೊಬೈಲಿಗೆ ಹಾಕಿಸಿಕೊಂಡು ತೆರೆದೆ. ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ ಅಕ್ಷರ, ತಲೆಯ ಮೇಲೆ ಗೆರೆ ಹೊತ್ತ ಎ, ಆಮೇಲೆ ಇಂಗ್ಲೆಂಡಿನ ಪೌಂಡ್ ಗುರುತು! ಅಂಗಡಿಯಣ್ಣ ನಕ್ಕ. ‘ಆ ಫಾಂಟ್ ನಿನ್ನ ಹತ್ರ ಇಲ್ಲ ಕಣೋ’ ಅಂದ.

ಅಲ್ಲೇ ಇರುವುದು ಗುಟ್ಟು. ಯುನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಸಿಕ್ಕಿದ್ದು 1991ರಲ್ಲಿ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಕೂಡ ಇತ್ತು. ಆದರೆ ನಮ್ಮ ಮುದ್ರಣಾಲಯಗಳು ಪೇಜ್‌ಮೇಕರ್ ಬಿಡಲಿಲ್ಲ. ಪೇಜ್‌ಮೇಕರ್‌ಗೆ ಯುನಿಕೋಡ್ ಬಾರದು. ಹಾಗಾಗಿ ಹಳೆಯ ವಿಧಾನವೇ ಮುಂದುವರಿಯಿತು: ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕುವ ವಿಧಾನ. ಕಾಗದದ ಮೇಲೆ ನೋಡಿದರೆ ಚೆಂದದ ಕನ್ನಡ. ಕಂಪ್ಯೂಟರಿನ ಹೊಟ್ಟೆಯಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಕಸ. ಹುಡುಕಿದರೆ ಸಿಗದು, ಯಂತ್ರ ಓದಲಾರದು, ಕಲಿಯಲಾರದು. ಸರ್ಕಾರಿ ಕಚೇರಿ, ಅಕಾಡೆಮಿ, ಪ್ರಕಾಶಕರು, ಪತ್ರಿಕೆಗಳು... ಎಷ್ಟೋ ವರ್ಷಗಳ ಕನ್ನಡ ಹೀಗೆ ಪೌಂಡ್ ಗುರುತಿನ ಕೆಳಗೆ ಹೂತುಹೋಗಿದೆ. ಚಳವಳಿಯ ಪತ್ರಿಕೆಗಳೂ ಇದಕ್ಕೆ ಹೊರತಲ್ಲ ಸ್ವಾಮಿ. ಕನ್ನಡ ಉಳಿಸಿ ಎಂದು ನಾವು ಅಚ್ಚು ಹಾಕಿಸಿದ ಎಷ್ಟೋ ಕರಪತ್ರಗಳನ್ನು ಯಾವ ಕಂಪ್ಯೂಟರೂ ಕನ್ನಡ ಎಂದು ಗುರುತಿಸಲಾರದು.

ಜಾಲದಲ್ಲಿ ಕನ್ನಡ ಎಷ್ಟಿದೆಯೋ ಅಷ್ಟನ್ನೇ ತಾನೆ ಯಂತ್ರ ಕಲಿಯುವುದು? ವಿಕಿಪೀಡಿಯ ನೋಡಿ. ಕನ್ನಡದ್ದು ಶುರುವಾಗಿದ್ದು 2003ರಲ್ಲಿ. ಇವತ್ತು ಲೇಖನಗಳ ಸಂಖ್ಯೆ 30 ಸಾವಿರ ಚಿಲ್ಲರೆ. ತೆಲುಗಿನದು ಲಕ್ಷ ದಾಟಿದೆ, ತಮಿಳಿನದು ಒಂದೂವರೆ ಲಕ್ಷ ದಾಟಿದೆ. ಅವರ ಮೇಲೆ ಹೊಟ್ಟೆಕಿಚ್ಚು ಪಟ್ಟು ಏನು ಪ್ರಯೋಜನ? ಅವರು ರಾತ್ರಿ ಕೂತು ಬರೆದರು. ಕ್ಯಾಲಿಫೋರ್ನಿಯಾದ ಪಟ್ಟಿಯಲ್ಲಿ ನಮ್ಮ ಹೆಸರಿಲ್ಲ ಎಂದು ಸಿಟ್ಟಾಗುವ ನಾವು ಎಷ್ಟು ಬರೆದಿದ್ದೇವೆ?

ಹಾಗಂತ ಕನ್ನಡಿಗ ಕೈಕಟ್ಟಿ ಕೂತಿದ್ದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಂಪ್ಯೂಟರಿಗೆ ಕನ್ನಡ ಕಲಿಸಿದ್ದು ಯಾವ ಸಮ್ಮೇಳನದ ವೇದಿಕೆಯೂ ಅಲ್ಲ. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಇಡೀ ಕನ್ನಡ ಮೂಡುವಂಥ ವಿನ್ಯಾಸ ಮಾಡಿದರು. ಸರ್ಕಾರ ಮುಂದೆ ಅದನ್ನೇ ಸಣ್ಣಪುಟ್ಟ ಬದಲಾವಣೆಯೊಂದಿಗೆ ಒಪ್ಪಿಕೊಂಡಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು; ಅಮೆರಿಕ, ದುಬೈನಲ್ಲಿದ್ದ ಕನ್ನಡಿಗರೂ ಮನೆಗೆ ಕನ್ನಡದಲ್ಲಿ ಪತ್ರ ಬರೆಯುವಂತಾಯಿತು. ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಿತು. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಮಾಗಡಿಯ ರೈತ ಶಾನುಭೋಗರ ಲೆಕ್ಕಿಗೆ ಕಾಯದೆ ತಾಲ್ಲೂಕು ಕಚೇರಿಯಲ್ಲಿ ಕನ್ನಡದಲ್ಲೇ ಅಚ್ಚಾದ ಪಹಣಿ ಪಡೆದ. ಇದೆಲ್ಲ ಆಗಿದ್ದು ಯಾರೋ ದಯೆ ತೋರಿಸಿದ್ದಕ್ಕಲ್ಲ, ಕೇಳಿದವರೂ ಮಾಡಿದವರೂ ಇದ್ದದ್ದಕ್ಕೆ.

ಈಗ ನಮ್ಮ ಅಂಗಳದ ಮಾತಿಗೆ ಬರೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದರ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಅದೇ ವರ್ಷ ಬಿಡದಿ ಪಕ್ಕ, ಬೈರಮಂಗಲ, ಕಂಚುಗಾರನಹಳ್ಳಿ ಕಡೆಯ ಸಾವಿರಾರು ಎಕರೆಯಲ್ಲಿ ಹೊಸ ಉಪನಗರ, ಅದು ‘ಎಐ ಸಿಟಿ’ ಎಂಬ ಮಾತೂ ಬಂತು. ಭೂಮಿ ಕೊಡಲಾರೆವೆಂದು ರೈತರು ಬೀದಿಗಿಳಿದರು. ಆ ಜಗಳದ ತೀರ್ಪು ಹೇಳುವುದು ಈ ಬರಹದ ಕೆಲಸವಲ್ಲ; ಭೂಮಿ ಅವರದು, ಮಾತೂ ಅವರದು. ನನ್ನ ಪ್ರಶ್ನೆ ಬೇರೆ. ನೆಲ ಕನ್ನಡದ್ದು, ನೀರು ಕನ್ನಡದ್ದು, ಬೋರ್ಡಿನ ಮೇಲೆ ಎಐ. ಆ ಎಐಗೆ ‘ಹುಳ ಜ್ವರಕ್ಕೆ ಕೂತಿದೆ’ ಎಂದರೆ ಅರ್ಥವಾಗುತ್ತದೆಯೇ? ಚನ್ನಪಟ್ಟಣದ ಗೊಂಬೆ ಮಾಡುವವನ ಆಲೆಮರ, ಅರಗು ಅದಕ್ಕೆ ಗೊತ್ತೇ? ಗೊತ್ತಿಲ್ಲದಿದ್ದರೆ ಅದು ಯಾರ ಸಿಟಿ?

ರಾಮನಗರದಲ್ಲಿ ಘೌಸಿಯಾ ಕಾಲೇಜಿದೆ, ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಓದುವ ನೀವು ಕೊನೆಯ ವರ್ಷ ಪ್ರಾಜೆಕ್ಟ್ ಮಾಡಲೇಬೇಕು. ಎಲ್ಲರೂ ಮಾಡುವ ಆ ಒಂದೇ ಲೈಬ್ರರಿ ಸಾಫ್ಟ್‌ವೇರನ್ನು ಮತ್ತೊಮ್ಮೆ ಏಕೆ ಮಾಡುತ್ತೀರಿ? ಗೂಡಿನ ಮಾರುಕಟ್ಟೆಗೆ ಬೆಳಗ್ಗೆ ಹೋಗಿ. ಚಾಕಿ, ಜ್ವರ, ಹಣ್ಣು ಹುಳ, ಚಂದ್ರಿಕೆ, ಸುಣ್ಣಕಟ್ಟು, ಒಂದೊಂದು ಪದವನ್ನೂ ರೈತರ ಬಾಯಿಂದ ಕೇಳಿ ಬರೆದುಕೊಳ್ಳಿ. ಒಪ್ಪಿದರೆ ದನಿಯನ್ನೂ ಹಿಡಿಯಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ವಾಣಿ’ ಎಂಬ ಯೋಜನೆಯಲ್ಲಿ ಗೂಗಲ್ ನೆರವಿನಿಂದ ಜಿಲ್ಲೆ ಜಿಲ್ಲೆಯ ಮಾತು ಸಂಗ್ರಹಿಸಿ ಯಾರು ಬೇಕಾದರೂ ಬಳಸುವಂತೆ ಬಿಡುಗಡೆ ಮಾಡುತ್ತಿದೆ. ಅದೇ ಸಂಸ್ಥೆಯ ‘ರೆಸ್ಪಿನ್’ ಯೋಜನೆಯ ಒಂಬತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ಕೃಷಿ, ಹಣಕಾಸಿನ ಮಾತೇ ಅದರ ವಿಷಯ. ದಾರಿ ತೋರಿಸುವವರು ಇದ್ದಾರೆ. ಇನ್ನು ಆ ಅಕ್ಕಿಚೀಲ. ‘ನುಡಿ’ಯಲ್ಲೇ ಹಳೆಯ ಅಕ್ಷರವನ್ನು ಯುನಿಕೋಡಿಗೆ ತಿರುಗಿಸುವ ಸೌಲಭ್ಯವಿದೆ. ಭಾನುವಾರ ಎರಡು ಗಂಟೆ ನಿಮ್ಮೂರಿನ ಡಿಟಿಪಿ ಅಣ್ಣನ ಪಕ್ಕ ಕೂತುಕೊಳ್ಳಿ. ಬರೆದವರ ಒಪ್ಪಿಗೆ ಕೇಳಿ, ತಿರುಗಿಸಿ, ತಿದ್ದಿ, ಜಾಲಕ್ಕೆ ಏರಿಸಿ. ನಾನು ಮಾಡಿ ನೋಡಿದ್ದೇನೆ. ಅರ್ಕಾವತ್ತು ಬಂದ ಕಡೆ ಎಡವಟ್ಟಾಗುತ್ತದೆ, ಕಣ್ಣಿಟ್ಟು ನೋಡಬೇಕು. ಬೇಸರದ ಕೆಲಸ, ಸುಳ್ಳು ಹೇಳುವುದಿಲ್ಲ.

ಮತ್ತೆ, ಸಮ್ಮೇಳನಕ್ಕೆ ಹೋಗಿ. ಇಂಗ್ಲಿಷ್ ಬರುವವರ ಜಾತ್ರೆ ಎಂದು ಹೆದರಬೇಡಿ. ಎಐ ಮಾರಲು ಬಂದ ಪ್ರತಿ ಮಳಿಗೆಯ ಮುಂದೆ ನಿಂತು ಕನ್ನಡದಲ್ಲೇ ಮೂರು ಪ್ರಶ್ನೆ ಕೇಳಿ. ನಿಮ್ಮ ಸಾಫ್ಟ್‌ವೇರ್ ಕನ್ನಡದ ಒಂದು ಪುಟ ಓದಲು ಇಂಗ್ಲಿಷಿನ ಎಷ್ಟು ಪಟ್ಟು ಹಣ ಕೇಳುತ್ತದೆ? ಅದು ಕಲಿತ ಕನ್ನಡ ಎಲ್ಲಿಂದ ತಂದಿದ್ದು? ‘ಹುಳ ಹಣ್ಣಾಗಿದೆ’ ಎಂದರೇನು, ಈಗಲೇ ಇಲ್ಲೇ ಕೇಳಿ ತೋರಿಸಿ! ಉತ್ತರ ಬರದಿದ್ದರೆ ಕಾರ್ಡ್ ಇಸಿದುಕೊಂಡು ಬನ್ನಿ, ಮುಂದಿನ ವಾರ ಕನ್ನಡದಲ್ಲೇ ಮೇಲ್ ಹಾಕಿ.

2025ರಲ್ಲಿ ನಡೆದ ಜಾಗದಲ್ಲೇ ಮತ್ತೆ ನಡೆದರೆ ಹೋಗುವುದು ಸುಲಭ. ತುಮಕೂರು ರಸ್ತೆಯ ಬಿಐಇಸಿ, ಮಾದಾವರ ಮೆಟ್ರೊ ನಿಲ್ದಾಣದ ಬಳಿ. ರಾಮನಗರ, ಚನ್ನಪಟ್ಟಣದವರು ಚಲ್ಲಘಟ್ಟದಲ್ಲಿ ನೇರಳೆ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರಿಗೆ ಬದಲಾಯಿಸಿ. ಮಾಗಡಿಯವರು ಸೋಲೂರು, ನೆಲಮಂಗಲದ ಮೇಲೆ ಬನ್ನಿ. ಕನಕಪುರದವರಿಗೆ ಬದಲಾಯಿಸುವ ತೊಂದರೆಯೇ ಇಲ್ಲ: ಹಸಿರು ಮಾರ್ಗದ ಆ ತುದಿ ಮಾದಾವರ, ಈ ತುದಿ ಕನಕಪುರ ರಸ್ತೆಯ ಮೇಲೆ, ನಿಲ್ದಾಣದ ಹೆಸರು ರೇಷ್ಮೆ ಸಂಸ್ಥೆ.