ಡ್ರೈನ್‌ ನೋಡಿಕೊಳ್ಳಲು ಮಗನಾದರೇನು?

ಕಳೆದ ಸೆಮಿಸ್ಟರ್‌ನ ಎರಡನೇ ಇಂಟರ್ನಲ್ಸ್‌ಗೆ ಎರಡು ದಿನ ಇರುವಾಗ ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಳು. ಕ್ಯಾನ್ಸರ್‌ ಇದ್ದ ಎಡ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಪಕ್ಕೆಯಿಂದ ಹೊರಬಂದ ಎರಡು ಕೊಳವೆಗಳು ಎರಡು ಪ್ಲಾಸ್ಟಿಕ್‌ ಡಬ್ಬಿಗಳಿಗೆ ಸೇರಿದ್ದವು. ‘ದಿನಾ ಖಾಲಿ ಮಾಡಿ, ಅಳತೆ ಬರೆದಿಡಿ’ ಎಂದಷ್ಟೇ ಹೇಳಿ ನರ್ಸ್‌ ಪಕ್ಕದ ಬೆಡ್‌ಗೆ ಹೋದರು. ಕೈಗೆ ಕೊಟ್ಟ ಕಾಗದವೆಲ್ಲ ಇಂಗ್ಲಿಷ್‌. ಅಮ್ಮ ಓದಿದ್ದು ಏಳನೇ ಕ್ಲಾಸು, ಅದೂ ಕನ್ನಡ ಶಾಲೆಯಲ್ಲಿ.

ಆ ರಾತ್ರಿ ನಾನು ಹತ್ತಿರ ಹೋದರೆ, ‘ಬಿಡೋ, ಗಂಡುಮಕ್ಕಳು ನೋಡೋದಲ್ಲ ಇದು. ನಾಳೆ ಚಿಕ್ಕಮ್ಮ ಬರ್ತಾಳೆ’ ಅಂದಳು. ಅಪ್ಪ ಟಿ.ವಿ. ಸೌಂಡ್‌ ಜಾಸ್ತಿ ಮಾಡಿದರು. ಬೆಳಿಗ್ಗೆ ನೋಡಿದರೆ ಡಬ್ಬಿಗಳು ಉಬ್ಬಿಕೊಂಡಿದ್ದವು, ಬ್ಯಾಂಡೇಜ್‌ ಒದ್ದೆಯಾಗಿತ್ತು. ಅಮ್ಮ ರಾತ್ರಿ ಒಬ್ಬಳೇ ಎದ್ದು ಖಾಲಿ ಮಾಡಿದ್ದಳು. ಆದರೆ ಗಾಳಿ ತೆಗೆಯದೆ ಹಾಗೇ ಮುಚ್ಚಳ ಹಾಕಿದ್ದಳು. ವಾರ್ಡಿಗೆ ಫೋನ್‌ ಮಾಡಿದಾಗ ಇನ್ನೊಬ್ಬ ನರ್ಸ್‌ ವಿಡಿಯೊ ಕಾಲ್‌ನಲ್ಲಿ ಹತ್ತು ನಿಮಿಷ ಸಮಾಧಾನವಾಗಿ ತೋರಿಸಿಕೊಟ್ಟರು. ಆ ಹತ್ತು ನಿಮಿಷ ಡಿಸ್ಚಾರ್ಜ್‌ಗೆ ಮೊದಲೇ ಸಿಕ್ಕಿದ್ದರೆ!

ಡಬ್ಬಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿತ್ತು. ಅದುಮಿ ಗಾಳಿ ಹೊರಹಾಕಿ ಮುಚ್ಚಿದರೆ ಅದು ಮತ್ತೆ ಹಿಗ್ಗಲು ನೋಡುತ್ತದೆ. ಒಳಗೆ ಒತ್ತಡ ಕಡಿಮೆಯಾಗಿ, ಗಾಯದ ಜಾಗದಲ್ಲಿ ಸೇರುವ ನೀರನ್ನು ಎಳೆದುಕೊಳ್ಳುತ್ತದೆ. ಫ್ಲೂಯಿಡ್‌ ಮೆಕ್ಯಾನಿಕ್ಸ್‌ನಲ್ಲಿ ಪಾಸಾಗಿದ್ದ ನನಗೆ ಇದು ಹೊಳೆಯದೇ ಹೋಗಿದ್ದಕ್ಕೆ ನಾಚಿಕೆಯಾಯಿತು.

ಕೆಲಸವೇನೂ ಕಷ್ಟದ್ದಲ್ಲ. ಸೋಪಿನಿಂದ ಕೈ ತೊಳೆದು, ಕ್ಲಾಂಪ್‌ ಹಾಕಿ, ನೀರನ್ನು ಅಳತೆ ಕಪ್ಪಿಗೆ ಸುರಿಯಬೇಕು. ತಿದಿ ಅದುಮಿಯೇ ಮುಚ್ಚಳ ಹಾಕಬೇಕು, ಆಮೇಲೆ ಕ್ಲಾಂಪ್‌ ತೆಗೆಯಬೇಕು (ಇದನ್ನು ಮರೆತು ಒಮ್ಮೆ ಬೈಸಿಕೊಂಡೆ). ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ, ಚರ್ಮದ ಬಳಿ ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದು ಇನ್ನೊಂದು ಕೈಯಿಂದ ಡಬ್ಬಿಯ ಕಡೆಗೆ ನೀವಬೇಕು. ಡಬ್ಬಿ ಸದಾ ಎದೆಗಿಂತ ಕೆಳಗಿರಬೇಕು. ಅದಕ್ಕೆ ಅಜ್ಜಿಯ ಹಳೆಯ ಎಲೆಅಡಿಕೆ ಸಂಚಿ ಬಂತು, ಉದ್ದದ ದಾರ ಕಟ್ಟಿ ಕೊರಳಿಗೆ ಹಾಕಿದೆವು. ಜ್ವರ, ಕೊಳವೆಯ ಸುತ್ತ ಕೆಂಪು, ಕೆಟ್ಟ ವಾಸನೆ, ದಿಢೀರನೆ ಕೆಂಪು ರಕ್ತ ಅಥವಾ ಹರಿವೇ ನಿಂತುಹೋಗುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಫೋನ್‌ ಮಾಡಬೇಕು.

ಬರೆದಿಡುವುದು ಸುಮ್ಮನೆ ಅಲ್ಲ. 24 ಗಂಟೆಗೆ 30 ಎಂ.ಎಲ್‌.ಗಿಂತ ಕಡಿಮೆ, ಅದೂ ಸತತ ಎರಡು ದಿನ ಬಂದರೆ ತೆಗೆಯುತ್ತೇನೆ ಎಂದಿದ್ದರು ಡಾಕ್ಟರ್‌. ಬೇಗ ತೆಗೆದರೆ ನೀರು ತುಂಬಿ ಊದಿಕೊಳ್ಳಬಹುದು, ತುಂಬಾ ದಿನ ಬಿಟ್ಟರೆ ಸೋಂಕಿನ ಭಯ. ನನ್ನ ನೋಟ್‌ಬುಕ್‌ನಲ್ಲಿ 140 ಇದ್ದದ್ದು 70 ಆಯಿತು, 45ಕ್ಕೆ ಇಳಿಯಿತು. ಕೆಂಪು ಬಣ್ಣ ತಿಳಿ ಹಳದಿಯಾಯಿತು. ಯಾವ ಸೆಮಿಸ್ಟರ್‌ನ ರಿಸಲ್ಟನ್ನೂ ನಾನು ಅಷ್ಟು ಆಸೆಯಿಂದ ಕಾದವನಲ್ಲ.

ಗೆಳೆಯರೇ, ಇಷ್ಟಕ್ಕೆ ಮಗ ಯಾಕೆ ಆಗಬಾರದು? ಡಬ್ಬಿ ಖಾಲಿ ಮಾಡಲು ಅಮ್ಮನ ನೈಟಿ ಸರಿಸುವ ಅಗತ್ಯವೂ ಇರಲಿಲ್ಲ. ಡಬ್ಬಿ, ಕೊಳವೆ ಎರಡೂ ಹೊರಗೇ ಇರುತ್ತವೆ. ನಾವು ‘ಸ್ತನ’ ಎಂಬ ಪದಕ್ಕೇ ಹೆದರುತ್ತೇವೆ. ನೆಂಟರಿಗೆಲ್ಲ ‘ಸಣ್ಣ ಗಂಟಿನ ಆಪರೇಷನ್‌’ ಎಂದೇ ಹೇಳಿದೆವು. ಆ ಒದ್ದೆ ಬ್ಯಾಂಡೇಜ್‌ಗೆ ಕಾರಣ ಅಮ್ಮನ ಅಜ್ಞಾನವಲ್ಲ, ನಮ್ಮೆಲ್ಲರ ಸಂಕೋಚ.

ಚಿಕ್ಕಮ್ಮ ಬಂದವಳು ‘ಹೆಣ್ಣುಮಗಳೊಬ್ಬಳು ಇರಬೇಕಿತ್ತು’ ಅಂದಳು. ಆಮೇಲೆ ಬಂದವರೆಲ್ಲ ‘ಎಂಥಾ ಮಗ!’ ಎಂದು ಹೊಗಳಿದರು. ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ತಾಯಿಯನ್ನು ನೋಡಿಕೊಳ್ಳುತ್ತಾ ತಿಂಗಳುಗಟ್ಟಲೆ ಕಾಲೇಜು ತಪ್ಪಿಸಿಕೊಂಡಾಗ ಯಾರೂ ಹೊಗಳಿರಲಿಲ್ಲ, ಅಟೆಂಡೆನ್ಸ್‌ ಶಾರ್ಟೇಜ್‌ ಎಂದು ನೋಟಿಸ್‌ ಬೋರ್ಡಿನಲ್ಲಿ ಹೆಸರು ಹಾಕಿದ್ದರು. ನನಗೆ ಸಿಕ್ಕ ಹೊಗಳಿಕೆ ಅದಕ್ಕೇ ಚುಚ್ಚುತ್ತದೆ.

ಆಸ್ಪತ್ರೆಗಳು ಒಂದು ಪುಟದ ಕನ್ನಡ ಹಾಳೆ ಕೊಡಲಿ. ಮನೆಯವರ ಕೈಯಿಂದ ಒಂದು ಸಲ ಮಾಡಿಸಿ ನೋಡಿಯೇ ಕಳಿಸಲಿ. ಆ ಮನೆಯವರಲ್ಲಿ ಗಂಡಸರನ್ನೂ ಕರೆಯಲಿ.

ಹದಿನಾಲ್ಕನೇ ದಿನ ಎರಡನೇ ಕೊಳವೆಯನ್ನೂ ತೆಗೆದರು. ನೋಟ್‌ಬುಕ್‌ ನೋಡಿದ ನರ್ಸ್‌ ‘ಯಾರಮ್ಮ ಬರೆದಿದ್ದು?’ ಎಂದರು. ‘ನಮ್ಮ ಹುಡುಗ’ ಎಂದಳು ಅಮ್ಮ, ಹೊರಗೆ ಸಾಲಿನಲ್ಲಿ ಕೂತವರಿಗೂ ಕೇಳುವಷ್ಟು ಜೋರಾಗಿ. ಅಪ್ಪ ನೋಟ್‌ಬುಕ್‌ ಕೈಗೆ ತೆಗೆದುಕೊಂಡು ಮೊದಲ ಪುಟದಿಂದ ಓದತೊಡಗಿದರು.