ಒಂದು ಅಂಕ ಕಲಿಸಿದ ಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ರ‍್ಯಾಕೆಟ್ ಹಿಡಿದು ಚೆನ್ನಾಗಿ ಆಡುವ ಹುಡುಗಿ ಹತ್ತನೇ ತರಗತಿಗೆ ಬಂದಳೆಂದರೆ ಮನೆಯಲ್ಲಿ ಒಂದು ಮಾತು ಹೊರಡುತ್ತದೆ: ‘ಆಟ ಆಡಿದ್ದು ಸಾಕು, ಓದಿಕೊ.’ ಹಾಗೆನ್ನುವ ಮುನ್ನ ಪೋಷಕರು ಅಶ್ವಿನಿ ಪೊನ್ನಪ್ಪ ಅವರ ಕಥೆಯನ್ನು ತಿಳಿಯುವುದು ಒಳ್ಳೆಯದು.

ಕೊಡಗು ಮೂಲದ ಅಶ್ವಿನಿ ಹುಟ್ಟಿದ್ದು 1989ರಲ್ಲಿ, ಬೆಂಗಳೂರಿನಲ್ಲಿ. ತಂದೆ ಹಾಕಿ ಆಟಗಾರ. ಮಗಳು ಆರಿಸಿಕೊಂಡದ್ದು ಷಟಲ್ ಬ್ಯಾಡ್ಮಿಂಟನ್. ಹೆಸರು ತಂದುಕೊಟ್ಟದ್ದು ಡಬಲ್ಸ್. ಈ ಆಟದಲ್ಲಿ ದಾಳಿಗೆ ಇಳಿದಾಗ ಒಬ್ಬಾಕೆ ನೆಟ್ ಬಳಿ, ಇನ್ನೊಬ್ಬಾಕೆ ಹಿಂದೆ ನಿಲ್ಲಬೇಕು. ರಕ್ಷಣೆಗೆ ಅಕ್ಕಪಕ್ಕ ಬರಬೇಕು. ಜೊತೆಗಾರ್ತಿಯ ಮನಸ್ಸು ಅರಿಯದೆ ಇದು ಸಾಧ್ಯವಿಲ್ಲ.

ಎಡಗೈ ಆಟಗಾರ್ತಿ ಜ್ವಾಲಾ ಗುಟ್ಟಾ ಅವರೊಂದಿಗೆ ಅಶ್ವಿನಿ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಮರುವರ್ಷ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು. 1983ರಲ್ಲಿ ಪ್ರಕಾಶ್ ಪಡುಕೋಣೆ ತಂದ ಕಂಚಿನ ನಂತರ ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಪದಕ ಅದೇ.

2012ರ ಲಂಡನ್ ಒಲಿಂಪಿಕ್ಸ್ ಮಾತ್ರ ಬೇರೆಯದೇ ಪಾಠ ಕಲಿಸಿತು. ಗುಂಪಿನ ಮೂರು ಪಂದ್ಯಗಳಲ್ಲಿ ಈ ಜೋಡಿ ಎರಡನ್ನು ಗೆದ್ದಿತು. ಜಪಾನ್ ಮತ್ತು ಚೀನಾ ತೈಪೆ ಜೋಡಿಗಳೂ ಎರಡೆರಡು ಗೆದ್ದವು. ಲೆಕ್ಕ ಹಾಕಿದಾಗ ಜಪಾನ್ ಜೋಡಿಗಿಂತ ಒಂದೇ ಒಂದು ಅಂಕದ ಅಂತರದಲ್ಲಿ ಹಿಂದೆ ಬಿದ್ದು ಕ್ವಾರ್ಟರ್ ಫೈನಲ್ ತಪ್ಪಿತು. ಸೋತ ಪಂದ್ಯದಲ್ಲೂ ಪ್ರತಿ ಅಂಕಕ್ಕೆ ಬೆಲೆಯಿದೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಅಷ್ಟಕ್ಕೆ ಅಶ್ವಿನಿ ರ‍್ಯಾಕೆಟ್ ಕೆಳಗಿಡಲಿಲ್ಲ. 2014ರಲ್ಲಿ ಗ್ಲಾಸ್ಗೊದಲ್ಲಿ ಜ್ವಾಲಾ ಜೊತೆ ಬೆಳ್ಳಿ. 2018ರ ಕಾಮನ್‌ವೆಲ್ತ್ ಕೂಟದಲ್ಲಿ ಮಿಶ್ರ ತಂಡದೊಂದಿಗೆ ಚಿನ್ನ, ಸಿಕ್ಕಿ ರೆಡ್ಡಿ ಜೊತೆ ಕಂಚು. ಮುಂದೆ ತಮಗಿಂತ ಬಹಳ ಕಿರಿಯರಾದ ತನಿಷಾ ಕ್ರಾಸ್ಟೊ ಅವರೊಂದಿಗೆ ಹೊಸದಾಗಿ ಜೋಡಿ ಕಟ್ಟಿ, 34ನೇ ವಯಸ್ಸಿನಲ್ಲಿ 2024ರ ಪ್ಯಾರಿಸ್ ಒಲಿಂಪಿಕ್ಸ್ ತಲುಪಿದರು. ಅಲ್ಲಿ ಮೂರೂ ಪಂದ್ಯ ಸೋತು, ಇದೇ ತಮ್ಮ ಕೊನೆಯ ಒಲಿಂಪಿಕ್ಸ್ ಎಂದರು.

ಆಡುವ ಹುಡುಗಿಯರೆಲ್ಲ ಒಲಿಂಪಿಕ್ಸ್‌ಗೆ ಹೋಗುವುದಿಲ್ಲ, ನಿಜ. ಆದರೆ ಸೋತ ಮರುದಿನ ಮತ್ತೆ ಅಂಗಳಕ್ಕೆ ಇಳಿಯುವುದು, ಜೊತೆಯವಳ ತಪ್ಪನ್ನು ತಾನು ಸರಿದೂಗಿಸುವುದು ಯಾವ ಪಠ್ಯಪುಸ್ತಕದಿಂದಲೂ ಬರುವುದಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಕಾಯುವ ಸೀಮೆಯಿದು. ಮಗಳ ಆಟಕ್ಕೂ ದಿನಕ್ಕೊಂದು ಗಂಟೆ ಬಿಟ್ಟುಕೊಟ್ಟು ಕಾಯಬಾರದೆ?